ಬಾಗಿಲ ಮೇಲಿನ ಕೊತ್ತಂಬರಿ

ನಮ್ಮ ಮನೆಗೆ ಮೊದಲ ಸಲ ಬಂದವರು ಚಪ್ಪಲಿ ಬಿಟ್ಟು ತಲೆಯೆತ್ತಿದರೆ ಅವರಿಗೆ ಕಾಣುವುದು ಬಾಗಿಲ ಚೌಕಟ್ಟಿನ ಮೇಲೆ ತಲೆಕೆಳಗಾಗಿ ತೂಗುವ ಒಂದು ಒಣ ಸೊಪ್ಪಿನ ಕಟ್ಟು. ಕೆಂಪು ರಿಬ್ಬನ್ ಬಿಗಿದಿರುವ ಆ ಕಟ್ಟಿನಲ್ಲಿ ಮುಕ್ಕಾಲು ಪಾಲು ಕೊತ್ತಂಬರಿ. ಹೋದ ಶನಿವಾರ ನನ್ನ ಆಫೀಸಿನ ಮಂಡ್ಯದ ಮಂಜು ಚಹಾಕ್ಕೆ ಬಂದವನು ಅದನ್ನೇ ಎರಡು ನಿಮಿಷ ನೋಡಿದ. ಆಮೇಲೆ, "ಏನ್ ಗುರು ಇದು, ಕೊತ್ತಂಬರಿ ಸೊಪ್ಪನ್ನ ನೇಣಿಗೆ ಹಾಕಿದೀರ? ಪಾಪ, ಏನ್ ತಪ್ಪು ಮಾಡಿತ್ತು?" ಎಂದು ಕೇಳಿದ.

ತಪ್ಪು ಮಾಡಿದ್ದು ಕೊತ್ತಂಬರಿಯಲ್ಲ, ನಾನು. ಆದರೆ ಪೂರ್ತಿ ನಾನೊಬ್ಬನೇ ಅಲ್ಲ. ಐನೂರು ವರ್ಷದ ಹಿಂದೆ ಇದೇ ಜರ್ಮನಿಯಲ್ಲಿ ಒಬ್ಬ ಸಂನ್ಯಾಸಿ ಸಿಟ್ಟು ತಾಳಲಾರದೆ ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ಕಾಗದ ತೂಗಿಸಿದ್ದೂ ಇದಕ್ಕೆ ಕಾರಣ. ಆತ ಮೊಳೆ ಹೊಡೆದ ಬಾಗಿಲಿಗೂ ನನ್ನ ಮನೆಯ ಬಾಗಿಲಿಗೂ ಏನು ಸಂಬಂಧ ಎಂದು ಮಂಜುವಿಗೆ ಹೇಳಿ ಮುಗಿಸುವಷ್ಟರಲ್ಲಿ ಚಹಾ ಎರಡು ಸಲ ಆರಿ ಹೋಯಿತು. ನಿಮಗೂ ಹೇಳುತ್ತೇನೆ. ನಿಮ್ಮ ಚಹಾ ನೀವು ನೋಡಿಕೊಳ್ಳಿ.

ಮೊದಲು ಬೆಟಗೇರಿಗೆ ಹೋಗಬೇಕು. ನಾನು ಓದಿದ್ದು ಅಲ್ಲಿನ ಹಂಚಿನ ಮಾಡಿನ ಶಾಲೆಯಲ್ಲಿ. ಒಂದಾನೊಂದು ಕಾಲಕ್ಕೆ ಪಾದ್ರಿಗಳು ಕಟ್ಟಿಸಿದ್ದು. ಒಂಬತ್ತನೇ ತರಗತಿಗೆ ಇತಿಹಾಸ ಹೇಳುತ್ತಿದ್ದವರು ದೇವಪುತ್ರ ಮಾಸ್ತರು. ಅವರಿಗೆ ಇತಿಹಾಸವೆಂದರೆ ತಿರುವುಗಳು. ಕ್ರೈಸ್ತ ಧರ್ಮದ ಕಥೆಯನ್ನಂತೂ ಅವರು ಗದಗಿನಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರಂತೆ ಹೇಳುತ್ತಿದ್ದರು. ಇಲ್ಲಿ ರೋಮಿನ ಚಕ್ರವರ್ತಿ ಹತ್ತಿಕೊಂಡ, ಅಲ್ಲಿಯ ತನಕ ಅಡಗಿ ಕೂತವರು ಸೀಟಿನ ಮೇಲೆ ಕೂತರು. ಇಲ್ಲಿ ಪೂರ್ವದವರೂ ಪಶ್ಚಿಮದವರೂ ಒಬ್ಬರನ್ನೊಬ್ಬರು ಇಳಿಸಿದರು. ಇಲ್ಲಿ ಜರ್ಮನಿಯ ಸಂನ್ಯಾಸಿ ಗಂಟೆ ಹೊಡೆದು ಬಸ್ಸನ್ನೇ ನಿಲ್ಲಿಸಿದ. ಮಾಸ್ತರು ಬೋರ್ಡಿನ ಮೇಲೆ ಎಳೆಯುವ ಗೆರೆ ಪ್ರತಿ ತಿರುವಿನಲ್ಲೂ ಕವಲಾಗಿ, ಪಾಠ ಮುಗಿಯುವಾಗ ನುಗ್ಗೆಗಿಡದ ಹಾಗೆ ಕಾಣುತ್ತಿತ್ತು.

ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಬಂತು: ಮತ ಸುಧಾರಣೆಗೆ ಕಾರಣಗಳು ಮತ್ತು ಪರಿಣಾಮಗಳನ್ನು ವಿವರಿಸಿ. ನಾನು ಕಾರಣ ಎಂಟು, ಪರಿಣಾಮ ಆರು ಬರೆದು, ಎಲ್ಲಕ್ಕೂ ಅಡಿಗೆರೆ ಹಾಕಿದೆ. ಮೂರು ಅಂಕ ಬಂತು. ಎರಡು ಅಂಕ ಎಲ್ಲಿ ಹೋಯಿತೆಂದು ಉತ್ತರಪತ್ರಿಕೆ ಹಿಡಿದು ಮೇಜಿನ ಹತ್ತಿರ ಹೋದೆ. ಮಾಸ್ತರು ಕನ್ನಡಕ ಮೂಗಿನ ತುದಿಗೆ ಇಳಿಸಿದರು.

"ಕಾರಣ ಎಲ್ಲಾ ಸರಿ ಅದಾವ. ಪರಿಣಾಮ ಪುಸ್ತಕದಾಗಿಂದು ಇಳಿಸೀದಿ. ನಿನಗ ಏನ್ ಪರಿಣಾಮ ಆತು ಅನ್ನೋದು ಒಂದಾರ ಬರದಿಯೇನು?"

"ನನಗೇನೂ ಆಗಿಲ್ಲರಿ ಸರ," ಎಂದೆ. ಅವರು ಮೇಲೆ ಹಂಚು ತೋರಿಸಿದರು. "ಅವರು ಜಗಳಾಡಿ ಬ್ಯಾರೆ ಆಗಿದ್ದಿಲ್ಲಂದ್ರ ಈ ಪಾದ್ರಿಗಳು ಜರ್ಮನಿ ಬಿಟ್ಟು ಇಲ್ಲೀತನ ಬಂದು ಈ ಸಾಲಿ ಕಟ್ಟತಿದ್ದಿಲ್ಲ. ನಾ ಓದತಿದ್ದಿಲ್ಲ, ಮಾಸ್ತರ ಆಗತಿದ್ದಿಲ್ಲ. ಇದು ನನ್ನ ಪರಿಣಾಮ. ನಿಂದು ನೀ ಹುಡುಕ್ಯಾಡು. ಸಿಕ್ಕಾಗ ಬಾ, ಎರಡು ಮಾರ್ಕ್ಸ್ ಕೊಡ್ತೀನಿ."

ನನಗೆ ಸಿಗಲಿಲ್ಲ. ಆ ಎರಡು ಅಂಕಕ್ಕೆ ನಾನು ತರಗತಿಗೆ ಎರಡನೆಯವನಾದೆ. ಈ ದುಃಖವನ್ನು ಮದುವೆಯಾದ ಹೊಸತರಲ್ಲಿ ನಸೀಮಾಳಿಗೆ ಹೇಳಿದೆ. ಪ್ರೇಮಭಂಗದ ಕಥೆಯೇನೋ ಬರುತ್ತದೆಂದು ಕಾದಿದ್ದ ಅವಳಿಗೆ ಬಹಳ ನಿರಾಸೆಯಾಯಿತು.

ಈಗ ಜರ್ಮನಿಗೆ ಬರೋಣ. ನಾವು ಬಂದ ಹೊಸತರಲ್ಲಿ ಡ್ಯೂಸೆಲ್ಡಾರ್ಫಿನಲ್ಲಿದ್ದೆವು, ಮೂರು ವರ್ಷಕ್ಕೆ ಮೂರು ಮನೆ. ಮಗಳು ಸಾನಿಯಾಳ ಹುಟ್ಟುಹಬ್ಬ ಮಾರ್ಚಿನಲ್ಲಿ. ಅವತ್ತು ನಸೀಮಾ ಅವಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಇಟ್ಟು, ಪೆನ್ಸಿಲಿನಿಂದ ಎತ್ತರದ ಗೆರೆ ಎಳೆಯುತ್ತಾಳೆ. ಪ್ರತಿ ಮನೆಯಲ್ಲೂ ಒಂದೇ ಗೆರೆ ಬಿತ್ತು. ಮನೆ ಬಿಡುವಾಗ ಬಿಳಿ ಬಣ್ಣ ಬಳಿದು ಅದನ್ನು ಅಳಿಸುವ ಕೆಲಸ ನನ್ನದು. ಮೂರನೇ ಮನೆಯ ಗೆರೆ ಅಳಿಸುವಾಗ ಸಾನಿಯಾ ಪಕ್ಕದಲ್ಲಿ ನಿಂತು, ತಾನು ಎಷ್ಟು ಬೆಳೆದೆನೆಂದು ತನಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದಳು. ಜರ್ಮನ್ನಿನಲ್ಲಿ ಕೇಳಿದಳು. ನಾನು ಅರ್ಥವಾಗದವನ ಹಾಗೆ ಬ್ರಷ್ ಆಡಿಸುತ್ತಿದ್ದೆ. ಅರ್ಥವಾಗಿತ್ತು.

ಆಮೇಲೆ ಬೂಟು ಮತ್ತು ಬೇರಿಂಗುಗಳಿಗೆ ಹೆಸರಾದ ಈ ಹರ್ಟ್ಸೋಗೆನಾವ್‌ರಾಕ್ ಎಂಬ ಪುಟ್ಟ ಊರಿನಲ್ಲಿ ಕೆಲಸ ಸಿಕ್ಕಿತು. ಮೇಲಿನ ಮಹಡಿ ನಮಗೆ, ಕೆಳಗಿನದು ಮನೆಯೊಡತಿ ಫ್ರೌ ಫೋಗಲ್‌ಗೆ. ಫ್ರೌ ಎಂದರೆ ಶ್ರೀಮತಿ. ವಯಸ್ಸು ಎಪ್ಪತ್ತೆಂಟು. ಪ್ಲಾಸ್ಟಿಕ್ ಕಸಕ್ಕೆಂದೇ ಇರುವ ಹಳದಿ ಚೀಲದಲ್ಲಿ ನಾನು ತಪ್ಪಾಗಿ ಹಾಕಿದ ಮೊಟ್ಟೆಯ ರಟ್ಟನ್ನು ಎತ್ತಿ ತಂದು ಬಾಗಿಲಲ್ಲಿ ಕೊಟ್ಟು ಹೋಗುವ ಹೆಂಗಸು. ಗೋಡೆಗೆ ನಾವು ಹೊಡೆದ ಒಂದೇ ಒಂದು ಮೊಳೆಯ ತೂತನ್ನು ಅಳತೆಪಟ್ಟಿಯಿಂದ ಅಳೆದವರು. ನಸೀಮಾ ಈರುಳ್ಳಿ ಹುರಿಯಲು ಶುರುಮಾಡಿದರೆ ಕೆಳಗಡೆ ಕಿಟಕಿಗಳು ಒಂದೊಂದಾಗಿ ಮುಚ್ಚುವ ಸದ್ದು ಕೇಳುತ್ತಿತ್ತು. ಆದರೂ ಸಾನಿಯಾಳಿಗೆ ಇಲ್ಲಿ ಶಾಲೆ ಹಿಡಿಸಿತು, ಗೆಳತಿಯೊಬ್ಬಳು ಸಿಕ್ಕಳು, ಮಾರ್ಚಿನಲ್ಲಿ ಚೌಕಟ್ಟಿನ ಮೇಲೆ ಒಂದು ಗೆರೆಯೂ ಬಿತ್ತು.

ಕಳೆದ ವರ್ಷ ಜೂನಿನಲ್ಲಿ ಫ್ರೌ ಫೋಗಲ್ ಮೆಟ್ಟಿಲಲ್ಲಿ ನಿಲ್ಲಿಸಿ ಹೇಳಿದರು: ಮೊಮ್ಮಗ ಈ ಮನೆ ಕೇಳುತ್ತಿದ್ದಾನೆ, ಹಬ್ಬ ಕಳೆಯಲಿ, ಯೋಚಿಸಿ ಹೇಳುತ್ತೇನೆ. ಜರ್ಮನಿಯಲ್ಲಿ ಬಾಡಿಗೆಗೆ ಇರುವವರೆಲ್ಲ ನಡುಗುವ ಒಂದು ಪದವಿದೆ, ಐಗನ್‌ಬೆಡಾರ್ಫ್. ಮನೆ ನನ್ನ ಸ್ವಂತಕ್ಕೆ ಬೇಕು ಎಂದು ಮಾಲೀಕರು ಹೇಳಿದರೆ ಗಂಟುಮೂಟೆ ಕಟ್ಟುವುದೊಂದೇ ದಾರಿ. ಯಾವ ಹಬ್ಬ ಎಂದು ನಾನು ಕೇಳಲಿಲ್ಲ. ಕೇಳುವಷ್ಟು ಬುದ್ಧಿಯಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ನಾನೂ ನಸೀಮಾಳೂ ಕೂತು ಉಪಾಯ ಮಾಡಿದೆವು. ಫ್ರೌ ಫೋಗಲ್‌ಗೆ ಈರುಳ್ಳಿಯ ವಾಸನೆ ಮಾತ್ರ ಗೊತ್ತು, ರುಚಿ ಗೊತ್ತಿಲ್ಲ. ಒಂದು ಒಳ್ಳೆಯ ದಿನ ಕರೆದು ಬಿರಿಯಾನಿ ಹಾಕಿದರೆ ಮನಸ್ಸು ಕರಗೀತು. ಒಳ್ಳೆಯ ದಿನ ಎಂದರೆ ಆಗಸ್ಟ್ ಹದಿನೈದು, ಸ್ವಾತಂತ್ರ್ಯ ದಿನ. ನಾನು ಕೆಳಗಿಳಿದು, ಹದಿನೈದನೇ ತಾರೀಖು ಮಧ್ಯಾಹ್ನ ಊಟಕ್ಕೆ ಬರಬೇಕು, ಅದು ನಮಗೆ ದೊಡ್ಡ ದಿನ ಎಂದೆ. ನಿಮಗೂ ದೊಡ್ಡ ದಿನವೇ ಎಂದು ಅವರು ಕೇಳಿದರು. ನಮಗೂ ಎಂದೆ. ಅವರ ಮುಖ ಅರಳಿತು. ಹನ್ನೊಂದು ತಿಂಗಳಲ್ಲಿ ಆ ಮುಖ ಅರಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇದರ ಬೆನ್ನಿಗೇ ಇನ್ನೊಂದು ಆಶ್ಚರ್ಯ. ಹದಿನೈದಕ್ಕೆ ರಜೆ ಬೇಕೆಂದು ಮ್ಯಾನೇಜರನಿಗೆ ಬರೆದರೆ, ಆ ದಿನಕ್ಕೆ ನೀನು ರಜೆ ಹಾಕಬೇಕಾಗಿಲ್ಲ ಎಂದು ಉತ್ತರ ಬಂತು. ಡ್ಯೂಸೆಲ್ಡಾರ್ಫಿನಲ್ಲಿ ಮೂರು ವರ್ಷವೂ ನಾನು ಆ ದಿನ ದುಡಿದಿದ್ದೆ. ನನ್ನ ದೇಶದ ಬಗ್ಗೆ ಈ ಮನುಷ್ಯನಿಗೆ ಎಷ್ಟು ಗೌರವ. ನಮ್ಮ ಸ್ವಾತಂತ್ರ್ಯ ಹೋರಾಟದ ಬಗ್ಗೆ ಅರ್ಧ ಪುಟ ಬರೆದು ಧನ್ಯವಾದ ಹೇಳಿದೆ. ಅವನು ಮರುದಿನ ಕಾಫಿ ಯಂತ್ರದ ಹತ್ತಿರ ನನ್ನ ಹೆಗಲು ತಟ್ಟಿದ. ತಟ್ಟಿದ್ದು ಕನಿಕರದಿಂದ ಎಂದು ಆಮೇಲೆ ಗೊತ್ತಾಯಿತು.

ಅಡುಗೆಮನೆಯಲ್ಲಿ ಬೇಕರಿಯವರು ಕೊಟ್ಟ ಕ್ಯಾಲೆಂಡರಿತ್ತು. ಹದಿನೈದರ ಮೇಲೆ ಒಂದು ಚುಕ್ಕಿ, ಕೆಳಗೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ. ಪಠ್ಯಪುಸ್ತಕದ ಅಡಿಟಿಪ್ಪಣಿಯನ್ನೇ ಎಂದೂ ಓದದವನು ಬೇಕರಿಯ ಟಿಪ್ಪಣಿ ಓದುತ್ತೇನೆಯೇ?

ಹದಿನಾಲ್ಕಕ್ಕೆ ಮಾಂಸ, ಅಕ್ಕಿ, ಮೊಸರು ಎಲ್ಲ ತಂದೆ. ಕೊತ್ತಂಬರಿ, ಪುದೀನ ತರಲಿಲ್ಲ. ಬೆಟಗೇರಿಯಲ್ಲಿ ಅಪ್ಪ ಸೊಪ್ಪನ್ನು ಅಡುಗೆಯ ದಿನ ಬೆಳಿಗ್ಗೆಯೇ ತರುತ್ತಿದ್ದರು, ಬೇರಿನ ಮಣ್ಣು ಇನ್ನೂ ಹಸಿಯಿರಬೇಕು. ಹಿಂದಿನ ದಿನ ತಂದ ಸೊಪ್ಪನ್ನು ಆಡಿಗೆ ಹಾಕು ಎನ್ನುತ್ತಿದ್ದರು. ಜರ್ಮನಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಸೊಪ್ಪು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ದಿನದಿಂದ ಮಲಗಿರುತ್ತದೆ ಎಂದು ನಸೀಮಾ ಎಷ್ಟು ಹೇಳಿದರೂ ನಾನು ಆ ವಂಶದ ಪದ್ಧತಿ ಬಿಟ್ಟವನಲ್ಲ.

ಹದಿನೈದರ ಬೆಳಿಗ್ಗೆ ಎಂಟೂವರೆಗೆ ಚೀಲ ಹಿಡಿದು ಹೋದರೆ ಸೂಪರ್‌ಮಾರ್ಕೆಟ್ ಮುಚ್ಚಿದೆ. ಅದರ ಪಕ್ಕದ್ದೂ ಮುಚ್ಚಿದೆ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಒಂದು ಕ್ಷಣ, ನಾಚಿಕೆ ಬಿಟ್ಟು ಹೇಳುತ್ತೇನೆ, ಜರ್ಮನಿಯವರು ನಮ್ಮ ಸ್ವಾತಂತ್ರ್ಯಕ್ಕೆ ಅಂಗಡಿಯನ್ನೂ ಮುಚ್ಚಿದರೇ ಎಂದುಕೊಂಡೆ. ಮನೆಗೆ ಫೋನ್ ಮಾಡಿದೆ. ಸಾನಿಯಾ ಎತ್ತಿಕೊಂಡು, "ಅಬ್ಬಾ, ಹೊಯ್ಟೆ ಇಸ್ಟ್ ಫೈಯರ್‌ಟಾಗ್," ಎಂದಳು. ಇವತ್ತು ಸರಕಾರಿ ರಜೆ. ಮಾತೆ ಮರಿಯಮ್ಮನವರು ಸ್ವರ್ಗಕ್ಕೇರಿದ ಹಬ್ಬ. ಅವಳು ಕ್ಯಾಲೆಂಡರಿನ ಟಿಪ್ಪಣಿ ಓದಿ ಹೇಳಿದಳು: ಈ ರಾಜ್ಯದಲ್ಲಿ ಯಾವ ಊರಿನಲ್ಲಿ ಕ್ಯಾಥೊಲಿಕರು ಹೆಚ್ಚೋ ಆ ಊರಿಗೆ ಮಾತ್ರ ರಜೆ. ಪ್ರಾಟೆಸ್ಟಂಟರು ಹೆಚ್ಚಿದ್ದರೆ ಇಲ್ಲ. ಪಕ್ಕದ ಎರ್ಲಾಂಗನ್ನಿನಲ್ಲಿ ಅಂಗಡಿ ತೆರೆದಿರುತ್ತವೆ, ಹೋಗಿ ಬಾ.

ಹಿಂದಿನಿಂದ ನಸೀಮಾಳ ದನಿ ಕೇಳಿತು. ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ. ಸಿಟ್ಟು ಬಂದರೆ ಮಾತ್ರ ಅವಳು ಕನ್ನಡಕ್ಕೆ ಬರುತ್ತಾಳೆ. "ಕೊತ್ತಂಬರಿ ಇಲ್ಲದ ಮನಿಗೆ ಬರಬ್ಯಾಡ್ರಿ," ಎಂದಳು.

ರಜೆಯ ದಿನದ ಬಸ್ಸು ಗಂಟೆಗೊಂದು. ಕಿಟಕಿಯ ಹೊರಗೆ ಜೋಳದ ಹೊಲ, ಮತ್ತೆ ಜೋಳದ ಹೊಲ. ಎಲ್ಲೋ ಅದರ ನಡುವೆ ರಜೆ ಮುಗಿದು ಕೆಲಸದ ದಿನ ಶುರುವಾಯಿತು. ಗಡಿಯಿಲ್ಲ, ಕಲ್ಲಿಲ್ಲ, ಬೇಲಿಯಿಲ್ಲ. ಆದರೆ ಎರ್ಲಾಂಗನ್ನಿನಲ್ಲಿ ಇಳಿದರೆ ಲಾರಿಗಳು ಓಡುತ್ತಿವೆ, ಜನ ಲ್ಯಾಪ್‌ಟಾಪ್ ಚೀಲ ಹೊತ್ತು ಧಾವಿಸುತ್ತಿದ್ದಾರೆ. ಆಗ ಮಾಸ್ತರರ ಬೋರ್ಡಿನ ನುಗ್ಗೆಗಿಡ ನೆನಪಾಯಿತು. ದೊರೆ ಯಾವ ಕಡೆಗೋ ಪ್ರಜೆಗಳೂ ಆ ಕಡೆಗೆ ಎಂದು ಅಂದಿನವರು ಒಪ್ಪಂದ ಮಾಡಿಕೊಂಡಿದ್ದರಂತೆ. ನಮ್ಮ ಊರು ಬಿಷಪ್ಪರ ಕೈಯಲ್ಲಿತ್ತು, ಹಳೆಯ ಕಡೆಗೇ ಉಳಿಯಿತು. ಈ ಊರಿನ ದೊರೆ ಸಂನ್ಯಾಸಿಯ ಕಡೆ ಹೋದ. ದೊರೆಗಳು ಮಣ್ಣಾಗಿ ಎಷ್ಟೋ ಕಾಲವಾಗಿದೆ. ನಾನು ಮಾತ್ರ ಅವರಿಂದಾಗಿ ಕೊತ್ತಂಬರಿಗೆಂದು ಇಷ್ಟು ದೂರ ಬಂದಿದ್ದೆ.

ನಿಲ್ದಾಣದ ಹತ್ತಿರದ ಟರ್ಕಿಯವರ ಅಂಗಡಿಯಲ್ಲಿ ಮಗುವಿನಷ್ಟು ದಪ್ಪದ ಕೊತ್ತಂಬರಿ ಕಟ್ಟು ಸಿಕ್ಕಿತು, ಪುದೀನವೂ ಸಬ್ಬಸಿಗೆಯೂ ಸಿಕ್ಕವು. ಬೇರಿನಲ್ಲಿ ಹಸಿ ಮಣ್ಣು. ಅಪ್ಪನನ್ನು ನೆನೆದು ಅದನ್ನು ಚೀಲಕ್ಕೂ ಹಾಕದೆ ಎದೆಗವಚಿಕೊಂಡು ವಾಪಸು ಬಸ್ಸು ಹತ್ತಿದೆ.

ನಮ್ಮ ಊರಿನಲ್ಲಿ ಬಸ್ಸಿಳಿದು ಮನೆಗೆ ಹೋಗುವ ಅಡ್ಡದಾರಿ ಹಳೆಯ ಚರ್ಚಿನ ಅಂಗಳದಲ್ಲಿ ಹಾದು ಹೋಗುತ್ತದೆ. ಅಂಗಳದ ತುಂಬ ಜನ. ಪ್ರತಿಯೊಬ್ಬರ ಕೈಯಲ್ಲೂ ಒಂದು ಸೊಪ್ಪಿನ ಕಟ್ಟು. ಇದೇನು, ಸೊಪ್ಪಿನ ಸಂತೆ ಇಲ್ಲೇ ಇತ್ತಲ್ಲ ಎಂದು ನಾನು ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಫ್ರೌ ಫೋಗಲ್ ಕಂಡರು. ಅವರೂ ನನ್ನನ್ನು ಕಂಡರು. ನನ್ನ ಎದೆಯ ಮೇಲಿನ ಕೊತ್ತಂಬರಿಯನ್ನು ಕಂಡರು. ಗುಂಪು ಸೀಳಿಕೊಂಡು ಬಂದು ನನ್ನ ತೋಳು ಹಿಡಿದು, ಸುತ್ತಲಿನ ಅಜ್ಜಿಯರಿಗೆಲ್ಲ, ನಾನು ಹೇಳಿರಲಿಲ್ಲವೇ, ಇವರೇ, ಇವರಿಗೂ ಇದು ದೊಡ್ಡ ದಿನ ಎಂದು ಪರಿಚಯ ಮಾಡಿಸಿದರು.

ಆಗ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅರಳಿದ ಮುಖ, ಹಬ್ಬ ಕಳೆಯಲಿ ಎಂದ ಮಾತು. ಈ ದಿನ ಇಲ್ಲಿಯವರು ಗಿಡಮೂಲಿಕೆಯ ಕಟ್ಟು ತಂದು ಪಾದ್ರಿಗಳಿಂದ ಆಶೀರ್ವಾದ ಮಾಡಿಸಿಕೊಳ್ಳುತ್ತಾರೆ. ಫ್ರೌ ಫೋಗಲ್ ನನ್ನ ಕಟ್ಟನ್ನು ಬಿಡಿಸಿ ಎಣಿಸಿದರು. ಮೂರೇ ಬಗೆ, ಏಳಾದರೂ ಇರಬೇಕಂತೆ. ಒಬ್ಬರು ಗೋಧಿ ತೆನೆ ಸಿಕ್ಕಿಸಿದರು, ಒಬ್ಬರು ಹಳದಿ ಹೂವು, ಇನ್ನೊಬ್ಬರು ಹೆಸರು ಗೊತ್ತಿಲ್ಲದ್ದು ಎರಡು ಬಗೆ. ಫ್ರೌ ಫೋಗಲ್ ತಮ್ಮ ಚೀಲದಿಂದ ಕೆಂಪು ರಿಬ್ಬನ್ ತೆಗೆದು ಬಿಗಿದರು. ನಾನು ಬಾಯಿ ತೆರೆದೆ. ನಮ್ಮ ಮನೆಯಲ್ಲಿ ಬಿರಿಯಾನಿ ಒಲೆಯ ಮೇಲಿದೆ ಎನ್ನಬೇಕಿತ್ತು. ಬಾಯಿಂದ ಬಂದದ್ದು, "ನನ್ನ ಅಜ್ಜಿಯ ಹೆಸರೂ ಮರಿಯಂಬಿ" ಎಂಬ ಮಾತು.

ಅದು ಸುಳ್ಳಲ್ಲ. ನಮಗೂ ಆ ತಾಯಿ ದೊಡ್ಡವಳು, ನಮ್ಮ ಗ್ರಂಥದ ಒಂದು ಅಧ್ಯಾಯಕ್ಕೆ ಅವಳದೇ ಹೆಸರು. ಅಜ್ಜಿ ನೆನಪಾಗಿ ನನಗೆ ನಿಜಕ್ಕೂ ಕಣ್ಣು ಮಂಜಾಯಿತು. ಮೊಹರಮ್ಮಿನಲ್ಲಿ ನಮ್ಮ ಓಣಿಯ ಅಲಾಯಿ ದೇವರಿಗೆ ಸಕ್ಕರೆ ಓದಿಸಲು ಊರೆಲ್ಲ ಬರುತ್ತಿತ್ತು, ಯಾರು ಯಾವ ಜಾತಿ ಎಂದು ಅಜ್ಜಿ ಕೇಳುತ್ತಿರಲಿಲ್ಲ. ನಾನು ಟೋಪಿ ತೆಗೆದು ಸುಮ್ಮನೆ ನಿಂತೆ. ಪಾದ್ರಿಗಳು ಚಿಮುಕಿಸಿದ ನೀರು ಕೊತ್ತಂಬರಿಯ ಮೇಲೂ ನನ್ನ ಕನ್ನಡಕದ ಮೇಲೂ ಬಿತ್ತು.

ಆಮೇಲೆ ಫ್ರೌ ಫೋಗಲ್ ತಿಳಿಸಿದರು, ಇನ್ನು ಇದನ್ನು ಕೊಯ್ಯುವಂತಿಲ್ಲ, ತಿನ್ನುವಂತಿಲ್ಲ. ಮನೆಯಲ್ಲಿ ಕಟ್ಟಿದರೆ ಸಿಡಿಲು ಬಡಿಯುವುದಿಲ್ಲ. ಆದರೆ ಸಿಡಿಲು ಅಡುಗೆಮನೆಯಲ್ಲಿ ಸಿದ್ಧವಾಗಿ ನಿಂತಿತ್ತು. ನಸೀಮಾ ರಿಬ್ಬನ್ ಕಟ್ಟಿದ ಕೊತ್ತಂಬರಿಯನ್ನು ನೋಡಿದಳು, ನನ್ನ ಹಿಂದೆ ನಗುತ್ತ ನಿಂತಿದ್ದ ಫ್ರೌ ಫೋಗಲ್ಲರನ್ನು ನೋಡಿದಳು, ತಾನೂ ನಕ್ಕು, ಅದೇ ನಗುಮುಖದಲ್ಲಿ ಕನ್ನಡದಲ್ಲಿ ನನಗೆ ಕೆಲವು ಮಾತು ಹೇಳಿದಳು. ಅವು ಅಚ್ಚಿಗೆ ಯೋಗ್ಯವಲ್ಲ. ಕೊನೆಗೆ ಫ್ರೌ ಫೋಗಲ್ ತಮ್ಮ ಹಿತ್ತಲಿನಿಂದ ನೋಡಲು ಕೊತ್ತಂಬರಿಯ ಹಾಗೇ ಇರುವ ಪಾರ್ಸ್ಲಿ ಸೊಪ್ಪು ಒಂದು ಹಿಡಿ ಕಿತ್ತು ತಂದು ಕೊಟ್ಟರು. ನಮ್ಮ ವಂಶದಲ್ಲಿ ಪಾರ್ಸ್ಲಿ ಬಿರಿಯಾನಿ ಆದದ್ದು ಅವತ್ತೊಂದೇ ದಿನ.

ಊಟಕ್ಕೆ ಕೂತೆವು. ಫ್ರೌ ಫೋಗಲ್ ಎರಡನೇ ಸಲ ಹಾಕಿಸಿಕೊಂಡರು. ಕೆಲಸ ಕೈಗೂಡಿತು ಎಂದು ನಾನು ಉಸಿರು ಬಿಡುವಾಗ ಅವರ ಕಣ್ಣು ಮೇಜಿನ ನಡುವೆ ಹೋಯಿತು. ಅಲ್ಲಿ ಸಾನಿಯಾ ಮಾಡಿಟ್ಟ ಕಾಗದದ ತ್ರಿವರ್ಣ ಧ್ವಜವಿತ್ತು. ಇದೇಕೆ ಎಂದು ಕೇಳಿದರು. ನಾನು ನೀರು ಕುಡಿದೆ. ಮತ್ತೆ ಕುಡಿದೆ. ಹತ್ತು ವರ್ಷದ ಸಾನಿಯಾ ಅಚ್ಚ ಜರ್ಮನ್ನಿನಲ್ಲಿ ಹೇಳಿಬಿಟ್ಟಳು:

"ಇವತ್ತು ನಮ್ಮ ದೇಶದ ಸ್ವಾತಂತ್ರ್ಯ ದಿನ, ಫ್ರೌ ಫೋಗಲ್. ಮರಿಯಮ್ಮನವರ ಹಬ್ಬ ಅಂತ ಅಬ್ಬಾಗೆ ಗೊತ್ತೇ ಇರಲಿಲ್ಲ. ಆ ಸೊಪ್ಪು ಬಿರಿಯಾನಿಗೆ ತಂದದ್ದು."

ಚಮಚ ನಿಂತಿತು. ನಸೀಮಾ ಮೇಜಿನ ಕೆಳಗೆ ನನ್ನ ಕೈ ಹಿಡಿದಳು. ನನ್ನ ತಲೆಯಲ್ಲಿ ಬಿಳಿ ಬಣ್ಣದ ಡಬ್ಬಿ, ಬ್ರಷ್, ಅಳಿಸಬೇಕಾದ ನಾಲ್ಕನೇ ಗೆರೆ.

"ಯಾರಿಂದ ಸ್ವಾತಂತ್ರ್ಯ?" ಎಂದು ಫ್ರೌ ಫೋಗಲ್ ಕೇಳಿದರು.

"ಇಂಗ್ಲಿಷರಿಂದ," ಎಂದೆ.

ಅವರು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದರು. "ಪ್ರಾಟೆಸ್ಟಂಟರು," ಎಂದು ತಲೆಯಾಡಿಸಿ, ಮೂರನೇ ಸಲ ತಟ್ಟೆ ಮುಂದೆ ಚಾಚಿದರು.

ಊಟವಾದ ಮೇಲೆ ಅವರೇ ಕುರ್ಚಿ ಎಳೆದು, ನನಗೆ ಹತ್ತಲು ಹೇಳಿ, ಚೌಕಟ್ಟಿನ ಮೇಲೆ ಕಟ್ಟನ್ನು ತೂಗಿಸಿದರು. ಅದಕ್ಕೊಂದು ಮೊಳೆ ಬೇಕಾಯಿತು. ಮೊಳೆಯನ್ನೂ ಸುತ್ತಿಗೆಯನ್ನೂ ಕೆಳಗಿನಿಂದ ಅವರೇ ತಂದರು. ಮುಂದಿನ ಆಗಸ್ಟ್ ಹದಿನೈದರವರೆಗೆ ಇದನ್ನು ಇಳಿಸಬಾರದು, ಆಮೇಲೆ ಹೊಸದು ಕಟ್ಟಬೇಕು ಎಂದರು. ಹಾಗಾದರೆ ನಿಮ್ಮ ಮೊಮ್ಮಗ ಎಂದು ನಸೀಮಾ ಸಣ್ಣ ದನಿಯಲ್ಲಿ ಕೇಳಿದಳು. ಫ್ರೌ ಫೋಗಲ್ಲರ ತುಟಿ ಬಿಗಿಯಾಯಿತು. "ಎರ್ಲಾಂಗನ್ನಿನ ಹುಡುಗಿಯನ್ನು ಮದುವೆಯಾಗಿ ಅಲ್ಲೇ ಇದ್ದಾನೆ. ಇವತ್ತು ಚರ್ಚಿಗೆ ಬಾ ಅಂತ ಕರೆದರೆ, ಅಜ್ಜಿ, ಇಲ್ಲಿ ಆಫೀಸಿದೆ ಅಂದ. ಈ ದಿನ ಆಫೀಸಿಗೆ ಹೋಗುವವನು ನನ್ನ ಮನೆಗೆ ಬಂದು ಏನು ಮಾಡುತ್ತಾನೆ? ಅಲ್ಲೇ ಇರಲಿ."

ಆ ಸಂಜೆ ಬೆಟಗೇರಿಗೆ ಫೋನ್ ಮಾಡಿ ದೇವಪುತ್ರ ಮಾಸ್ತರಿಗೆ ನನ್ನ ಪರಿಣಾಮ ಒಪ್ಪಿಸಿದೆ. ನಿವೃತ್ತರಾಗಿ ಕಿವಿ ಮಂದವಾಗಿದೆ, ಎರಡು ಸಲ ಹೇಳಬೇಕಾಯಿತು. ಕೇಳಿ ಬಹಳ ಹೊತ್ತು ನಕ್ಕರು. "ಒಂದೂವರಿ ಕೊಡ್ತೀನಿ. ತಡಾ ಮಾಡಿದ್ದಕ್ಕ ಅರ್ಧ ಹಿಡದೀನಿ," ಎಂದರು.

ಮೊನ್ನೆ ಮಂಜು ಹೋದ ಮೇಲೆ ಫ್ರೌ ಫೋಗಲ್ ಮೇಲೆ ಬಂದಿದ್ದರು. ಹಬ್ಬ ಹತ್ತಿರ ಬಂತಲ್ಲ, ಈ ಸಲ ಆ ವಾಸನೆಯ ಸೊಪ್ಪನ್ನು ಹಿಂದಿನ ದಿನವೇ ತನ್ನಿ, ಎರಡು ಕಟ್ಟು ತನ್ನಿ, ಒಂದು ಬಾಗಿಲಿಗೆ, ಒಂದು ಅನ್ನಕ್ಕೆ ಎಂದು ಅಪ್ಪಣೆ ಮಾಡಿದರು. ಅಪ್ಪ ನನ್ನನ್ನು ಕ್ಷಮಿಸಲಿ. ಹೊರಡುವಾಗ ಅವರು ಒಣ ಕಟ್ಟನ್ನು ನೋಡಿ, ಹಾಗೇ ಚೌಕಟ್ಟಿನ ಪಕ್ಕಕ್ಕೆ ಕಣ್ಣಿಳಿಸಿದರು. ಅಲ್ಲಿ ಎರಡು ಪೆನ್ಸಿಲ್ ಗೆರೆ. ಒಂದು ಕಳೆದ ಮಾರ್ಚಿನದು, ನಾಲ್ಕು ಬೆರಳು ಮೇಲೆ ಈ ಮಾರ್ಚಿನದು. ಮೊಳೆಯ ತೂತನ್ನು ಅಳೆದ ಹೆಂಗಸು ಇವರು. ಕನ್ನಡಕ ಹಾಕಿಕೊಂಡು, ಬಗ್ಗಿ, ಎರಡೂ ಗೆರೆಗಳ ಮೇಲೆ ಬೆರಳಾಡಿಸಿದರು.

"ಮೇಲಿನದು ಸೊಟ್ಟಗಿದೆ," ಎಂದರು. "ಬರುವ ಮಾರ್ಚಿನಲ್ಲಿ ನನ್ನನ್ನು ಕರೆಯಿರಿ. ಗೆರೆ ಮಟ್ಟ ನೋಡಲು ನನ್ನ ಹತ್ತಿರ ರಸಮಟ್ಟ ಇದೆ."